12 ಇಂಚಿನ ಗ್ಲೋಬ್: ಪೆಸಿಫಿಕ್ ಮಗ್ಗುಲಿನಿಂದ ಒಂದು ವಿಮರ್ಶೆ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಶಾಲಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಎರಡು ಅಳತೆಯ ಗ್ಲೋಬ್‌ಗಳು ಸಿಗುತ್ತವೆ: ಮನೆಯ ಮೇಜಿಗೆ ಒಪ್ಪುವ 8 ಇಂಚಿನದು, ತರಗತಿಯ ಹಿಂದಿನ ಬೆಂಚಿಗೂ ಒಂದಿಷ್ಟು ಕಾಣಿಸುವ 12 ಇಂಚಿನದು. ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನ ತರಗತಿಗೆ ಕೊಂಡದ್ದು ಎರಡನೆಯದನ್ನು. ಬೆಲೆ ಎರಡು ಸಾವಿರ ರೂಪಾಯಿಗೆ ತುಸು ಕಡಿಮೆ. ಗ್ಲೋಬ್ ಕೊಳ್ಳಲು ಬರುವವರು ಮೊದಲು ಭಾರತವನ್ನು ಹುಡುಕುತ್ತಾರೆ, ಕಾಶ್ಮೀರದ ಗಡಿ ಸರಿಯಾಗಿದೆಯೇ ಎಂದು ನೋಡುತ್ತಾರೆ, ಒಮ್ಮೆ ಗಿರ್ರನೆ ತಿರುಗಿಸಿ ಹಣ ಕೊಡುತ್ತಾರೆ. ವಸಾಹತುಶಾಹಿಯ ಪಾಠ ಮಾಡುವಾಗ ಪೆಸಿಫಿಕ್ ದ್ವೀಪಗಳ ಜನಜೀವನವನ್ನೂ ಇತಿಹಾಸವನ್ನೂ ಮಕ್ಕಳಿಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂಬುದು ನನ್ನ ಉದ್ದೇಶವಾಗಿದ್ದುದರಿಂದ, ನಾನು ಈ ವಸ್ತುವನ್ನು ಪರೀಕ್ಷಿಸಿದ್ದು ಭಾರತದ ಬೆನ್ನ ಹಿಂದಿನ ಮಗ್ಗುಲಿನಲ್ಲಿ. ಆ ಮಗ್ಗುಲಿನಲ್ಲಿ ಈ ಗ್ಲೋಬ್ ಮಾಡುವ ಉಪಕಾರ ದೊಡ್ಡದು, ಮಾಡಿರುವ ಅಚಾತುರ್ಯಗಳೂ ಸಣ್ಣವಲ್ಲ.

ಉಪಕಾರದ ಮಾತು ಮೊದಲು. ನಮ್ಮ ಶಾಲೆಯ ಗೋಡೆಯ ಮೇಲಿರುವ ಜಗತ್ತಿನ ನಕ್ಷೆ, ಬಹುತೇಕ ಶಾಲೆಗಳಲ್ಲಿ ಇರುವಂಥದ್ದೇ, ಗ್ರೀನಿಚ್ ರೇಖೆಯನ್ನು ನಡುವೆ ಇಟ್ಟುಕೊಂಡು ಬರೆದದ್ದು. ಯುರೋಪು, ಆಫ್ರಿಕ ನಡುಮನೆಯಲ್ಲಿ ಕೂತರೆ ಪೆಸಿಫಿಕ್ ಸಾಗರ ಎರಡು ಹೋಳಾಗಿ ಎರಡು ಅಂಚಿಗೆ ಹೋಗುತ್ತದೆ. ಫಿಜಿ ಬಲತುದಿಯಲ್ಲಿದ್ದರೆ ಸಮೋವಾ ಎಡತುದಿಯಲ್ಲಿದೆ. ಇವೆರಡರ ನಡುವಿನ ನಿಜವಾದ ದೂರ ಸುಮಾರು 1,150 ಕಿಲೋಮೀಟರ್. ಫಿಜಿ, ಟೋಂಗಾ, ಸಮೋವಾಗಳ ನಡುವೆ ಶತಮಾನಗಳ ಕಾಲ ಮದುವೆಯ ಸಂಬಂಧಗಳಿದ್ದವು, ಚಾಪೆ, ದೋಣಿ, ಕೆಂಪು ಗರಿಗಳ ವಿನಿಮಯ ನಡೆಯುತ್ತಿತ್ತು. ನಕ್ಷೆಯನ್ನು ಮಾತ್ರ ನೋಡಿ ಬೆಳೆದ ಹುಡುಗನಿಗೆ ಇವರು ನೆರೆಹೊರೆಯವರೆಂದು ಹೇಳಿದರೆ ನಂಬಿಕೆಯೇ ಬರುವುದಿಲ್ಲ. ಗ್ಲೋಬಿನಲ್ಲಿ ಆ ತೊಡಕಿಲ್ಲ. ಭೂಮಿಯ ಮೇಲ್ಮೈಯ ಸುಮಾರು ಮೂರನೆಯ ಒಂದು ಭಾಗವನ್ನು ಆವರಿಸಿರುವ, ಎಲ್ಲ ಖಂಡಗಳ ನೆಲವನ್ನು ಒಟ್ಟುಗೂಡಿಸಿದರೂ ಅದಕ್ಕಿಂತ ವಿಶಾಲವಾದ ಈ ಸಾಗರವನ್ನು ಒಂದೇ ಜಲರಾಶಿಯಾಗಿ ಕಾಣಲು ಇದಕ್ಕಿಂತ ಅಗ್ಗದ ಉಪಾಯ ನನಗೆ ತಿಳಿದಿಲ್ಲ. ಸಾಗರದ ನಡುವಿನ ಟಹೀಟಿ ದ್ವೀಪವನ್ನು ಕಣ್ಣಿನ ನೇರಕ್ಕೆ ತಂದು ನಿಲ್ಲಿಸಿದರೆ ಅಂಚಿನಲ್ಲಿ ಅಮೆರಿಕದ ಕರಾವಳಿ, ಇನ್ನೊಂದು ಅಂಚಿನಲ್ಲಿ ಆಸ್ಟ್ರೇಲಿಯ ಇಣುಕುತ್ತವೆ, ಉಳಿದದ್ದೆಲ್ಲ ನೀಲಿ.

"ಇಲ್ಲೇನೂ ಇಲ್ರಿ ಸರ್, ಬರೀ ನೀರೇ ಅದ್ರಿ" ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದಳು. ಅವಳ ಕೈಗೆ ಭೂತಗನ್ನಡಿ ಕೊಟ್ಟೆ. ಈ ಗ್ಲೋಬಿನ ಮುದ್ರಣ ಆ ಪರೀಕ್ಷೆಯಲ್ಲಿ ಗೆದ್ದಿದೆ ಎನ್ನಬೇಕು: ಕ್ಯಾರೊಲಿನ್, ಮಾರ್ಷಲ್, ಟುವಮೋಟು ಮುಂತಾದ ದ್ವೀಪಸ್ತೋಮಗಳನ್ನು ಚುಕ್ಕೆ ಚುಕ್ಕೆಯಾಗಿ ತೋರಿಸಿದ್ದಾರೆ, ಅಕ್ಷರಗಳು ಸಣ್ಣವಾದರೂ ಮಸುಕಾಗಿಲ್ಲ. 8 ಇಂಚಿನ ಗ್ಲೋಬಿನಲ್ಲಿ ಈ ಜಾಗದಲ್ಲಿ ಹೆಸರುಗಳು ಮಾತ್ರ ಇವೆ, ದ್ವೀಪಗಳಿಲ್ಲ. ಹೀಗಾಗಿ ಅದನ್ನು ಈ ಕೆಲಸಕ್ಕೆ ಯಾರೂ ಕೊಳ್ಳಬಾರದು.

12 ಇಂಚಿನ ಗೋಳದ ಸುತ್ತಳತೆ ಸುಮಾರು 96 ಸೆಂಟಿಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 420 ಕಿಲೋಮೀಟರಿನ ಆಸುಪಾಸು. ಕಲಬುರಗಿಯಿಂದ ಬೆಂಗಳೂರಿಗೆ ಒಂದು ಸೆಂಟಿಮೀಟರಿಗಿಂತ ಕೊಂಚ ಹೆಚ್ಚು. ಇದನ್ನು ಮೊದಲು ಅಳೆಸಿ, ಆಮೇಲೆ ಹವಾಯಿಯಿಂದ ಟಹೀಟಿಗೆ ದಾರ ಹಿಡಿಸಿದರೆ ಹತ್ತು ಸೆಂಟಿಮೀಟರ್ ದಾಟುತ್ತದೆ. 1976ರಲ್ಲಿ ಹೊಕುಲೆಯಾ ಎಂಬ ಜೋಡಿ ಒಡಲಿನ ಹಾಯಿದೋಣಿ ಇದೇ ದಾರಿಯನ್ನು ದಿಕ್ಸೂಚಿಯಿಲ್ಲದೆ, ನಕ್ಷೆಯಿಲ್ಲದೆ ಕ್ರಮಿಸಿತು. ಅದನ್ನು ನಡೆಸಿದವನು ಮೈಕ್ರೊನೇಷ್ಯದ ಸತವಾಲ್ ಎಂಬ ಪುಟ್ಟ ದ್ವೀಪದ ನಾವಿಕ ಮವ್ ಪಿಯಾಯ್ಲುಗ್. ನಕ್ಷತ್ರಗಳು ಹುಟ್ಟುವ, ಮುಳುಗುವ ನೆಲೆಗಳನ್ನೂ ಅಲೆಗಳ ಬಡಿತದ ದಿಕ್ಕನ್ನೂ ಹಕ್ಕಿಗಳ ಹಾರಾಟವನ್ನೂ ಓದುವ ವಿದ್ಯೆ ಹವಾಯಿಯಲ್ಲಿ ಆ ಹೊತ್ತಿಗೆ ಉಳಿದಿರಲಿಲ್ಲವಾದ್ದರಿಂದ ಅವನನ್ನು ದೂರದಿಂದ ಕರೆಸಬೇಕಾಯಿತು. ದ್ವೀಪವಾಸಿಗಳು ಗಾಳಿಗೆ ಸಿಕ್ಕಿ ಎಲ್ಲಿಗೋ ತೇಲಿಹೋಗಿ ನೆಲೆಸಿದವರು ಎಂಬ ವಾದಕ್ಕೆ ಆ ಯಾನ ಕೊಟ್ಟ ಪೆಟ್ಟು ದೊಡ್ಡದು.

ಇಲ್ಲಿಯೇ ಗ್ಲೋಬಿನ ಮೊದಲ ಲೋಪವೂ ಕಾಣುತ್ತದೆ. ಅಲಂಕಾರಕ್ಕೋ ತಿಳಿವಳಿಕೆಗೋ ತಯಾರಕರು ಸಾಗರದ ಮೇಲೆ ಕೆಂಪು ಗೆರೆಗಳಲ್ಲಿ ಪ್ರಸಿದ್ಧ ನಾವಿಕರ ದಾರಿಗಳನ್ನು ಎಳೆದಿದ್ದಾರೆ: ಮೆಗಲನ್ನನದು ಒಂದು, ಜೇಮ್ಸ್ ಕುಕ್‌ನದು ಒಂದು, ಪಕ್ಕದಲ್ಲಿ ವರ್ಷಗಳು. ಆದರೆ ಮೆಗಲನ್ 1521ರಲ್ಲಿ ಗುವಾಮ್ ತಲುಪಿದಾಗ ಅಲ್ಲಿ ಚಮೊರೊ ಜನ ಮೂರು ಸಾವಿರ ವರ್ಷಗಳಿಂದ ನೆಲೆಸಿದ್ದರು. ತೈವಾನಿನಿಂದ ಫಿಲಿಪ್ಪೀನ್ಸ್ ದಾಟಿ ನ್ಯೂಗಿನಿಯ ಬಳಿಯ ಬಿಸ್ಮಾರ್ಕ್ ದ್ವೀಪಗಳಿಗೆ, ಅಲ್ಲಿಂದ ಮಣ್ಣಿನ ಮಡಕೆಗಳ ಮೇಲೆ ಹಲ್ಲಿನಚ್ಚಿನ ಚಿತ್ತಾರ ಒತ್ತುತ್ತಿದ್ದ ಲಪಿಟಾ ಸಂಸ್ಕೃತಿಯ ಜನರಾಗಿ ಸುಮಾರು 2,800 ವರ್ಷಗಳ ಹಿಂದೆ ಫಿಜಿ, ಟೋಂಗಾ, ಸಮೋವಾಗಳಿಗೆ, ದೀರ್ಘವಾದೊಂದು ವಿರಾಮದ ನಂತರ ಸುಮಾರು ಸಾವಿರ ವರ್ಷಗಳ ಹಿಂದೆ ಪೂರ್ವದ ದ್ವೀಪಗಳಿಗೆ, ಅಲ್ಲಿಂದ ಹವಾಯಿ, ರಾಪಾ ನುಯಿ (ಈಸ್ಟರ್ ದ್ವೀಪ) ಮತ್ತು ಕೊನೆಗೆ 13ನೆಯ ಶತಮಾನದ ಹೊತ್ತಿಗೆ ನ್ಯೂಜಿಲೆಂಡಿಗೆ ನಡೆದ ಈ ವಲಸೆ ಮನುಷ್ಯ ಕುಲದ ಸಾಗರಯಾನಗಳಲ್ಲೇ ದೊಡ್ಡದು. ದಕ್ಷಿಣ ಅಮೆರಿಕದ ಗೆಣಸು ಯುರೋಪಿನವರು ಬರುವ ಮೊದಲೇ ಈ ದ್ವೀಪಗಳ ಹೊಲಗಳಲ್ಲಿತ್ತು. ಶಿವರಾತ್ರಿಯಂದು ಗೆಣಸು ತಿನ್ನುವ ನಮ್ಮ ಮಕ್ಕಳಿಗೆ ಈ ಒಂದು ಸಂಗತಿ ಎಲ್ಲ ಇಸವಿಗಳಿಗಿಂತ ಬೇಗ ನಾಟಿತು. ಇಷ್ಟಿದ್ದೂ ಗ್ಲೋಬಿನ ಮೇಲೆ ಈ ವಲಸೆಗೆ ಒಂದು ಗೆರೆಯೂ ಇಲ್ಲ. ಹಸಿರು ದಾರವನ್ನು ಅಂಟುಪಟ್ಟಿಯಿಂದ ಅಂಟಿಸಿ ನಾವೇ ದಾರಿ ಮಾಡಿಕೊಂಡೆವು.

ಕುಕ್‌ನ ಗೆರೆಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅವನ ಮೊದಲ ಯಾನದಲ್ಲಿ 1769ರಲ್ಲಿ ಟಹೀಟಿಯಿಂದ ಹಡಗು ಹತ್ತಿದ ಟುಪಾಯಾ ಎಂಬ ಪುರೋಹಿತ, ರಾಯಾಟೆಯಾ ದ್ವೀಪದವನು, ತನಗೆ ಗೊತ್ತಿದ್ದ ಎಪ್ಪತ್ತಕ್ಕೂ ಹೆಚ್ಚು ದ್ವೀಪಗಳನ್ನು ಗುರುತಿಸಿ ಒಂದು ನಕ್ಷೆ ಮಾಡಿಸಿದ. ನ್ಯೂಜಿಲೆಂಡಿನಲ್ಲಿ ಅಲ್ಲಿನ ಮೂಲನಿವಾಸಿ ಮಾವೊರಿಗಳೊಡನೆ ಮಾತಾಡಲು ಕುಕ್‌ಗೆ ದುಭಾಷಿಯಾಗಿ ಒದಗಿದವನೂ ಅವನೇ. ಮರುವರ್ಷ ಡಿಸೆಂಬರಿನಲ್ಲಿ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ರೋಗದಿಂದ ತೀರಿಕೊಂಡ. ಕೆಂಪು ಗೆರೆಯ ಪಕ್ಕ ಅವನ ಹೆಸರೂ ಇರಬೇಕಿತ್ತೆಂದು ತಯಾರಕರನ್ನು ಕೇಳುವುದು ಅತಿಯಾದೀತು, ಶಿಕ್ಷಕರು ಹೇಳಬಹುದಲ್ಲ.

ಮೆಲನೇಷ್ಯ, ಮೈಕ್ರೊನೇಷ್ಯ, ಪಾಲಿನೇಷ್ಯ ಎಂಬ ಮೂರು ಹೆಸರುಗಳನ್ನು ಅಗಲಗಲವಾದ ಅಕ್ಷರಗಳಲ್ಲಿ ಸಾಗರದುದ್ದಕ್ಕೂ ಹರಡಿದ್ದಾರೆ. ಪ್ರೇಕ್ಷಣೀಯವಾಗಿದೆ, ಆದರೆ ಇದು ಪ್ರಕೃತಿ ಮಾಡಿದ ವಿಭಾಗವೆಂದು ಮಕ್ಕಳು ತಿಳಿದುಬಿಡುತ್ತಾರೆ. ಫ್ರೆಂಚ್ ನೌಕಾಧಿಕಾರಿ ಡ್ಯುಮಾಂಟ್ ಡರ್ವಿಲ್ 1832ರಲ್ಲಿ ಪ್ರಕಟಿಸಿದ ಈ ವಿಂಗಡಣೆಯಲ್ಲಿ ಮೆಲನೇಷ್ಯವನ್ನು ಗುರುತಿಸಿದ್ದು ಜನರ ಮೈಬಣ್ಣದಿಂದ, ಅದೂ ಕೀಳೆಂಬ ಭಾವದಿಂದ. 800ಕ್ಕೂ ಹೆಚ್ಚು ಭಾಷೆಗಳಿರುವ ಪಾಪುವಾ ನ್ಯೂಗಿನಿಯೂ, ನೂರಕ್ಕೂ ಹೆಚ್ಚು ಭಾಷೆಗಳಿರುವ ವನುವಾಟುವೂ ಆ ಒಂದೇ ಹೆಸರಿನ ಕೆಳಗೆ ಸೇರಿಹೋದವು.

ಈಗ ನನ್ನನ್ನು ಹೆಚ್ಚು ಕಾಡಿದ ದೋಷಕ್ಕೆ ಬರುತ್ತೇನೆ. ಈ ಗೋಳವನ್ನು ಎರಡು ಪ್ಲಾಸ್ಟಿಕ್ ಅರ್ಧಗೋಳಗಳನ್ನು ಜೋಡಿಸಿ ಮಾಡಿದ್ದಾರೆ, ಬೆಸುಗೆ ಬರುವುದು ಸಮಭಾಜಕ ವೃತ್ತದ ಮೇಲೆ. ಬೆಸುಗೆಯನ್ನು ಮುಚ್ಚಲು ಸುತ್ತಲೂ ಸುಮಾರು ಆರು ಮಿಲಿಮೀಟರ್ ಅಗಲದ ಬಿಳಿಯ ಪಟ್ಟಿ ಅಂಟಿಸಿದ್ದಾರೆ. ಆಫ್ರಿಕದಲ್ಲಿ, ಬ್ರೆಜಿಲ್‌ನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಒಂದಿಷ್ಟು ಕಾಡು ಮರೆಯಾಗುತ್ತದೆ ಅಷ್ಟೆ. ಈ ಅಳತೆಯ ಗೋಳದಲ್ಲಿ ಒಂದು ಡಿಗ್ರಿ ಅಕ್ಷಾಂಶಕ್ಕೆ ಎರಡೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ. ಹಾಗಾಗಿ ಸಮಭಾಜಕದಿಂದ ಅರ್ಧ ಡಿಗ್ರಿ ದಕ್ಷಿಣಕ್ಕಿರುವ ನವೂರುವೂ, ಒಂದು ಡಿಗ್ರಿಯೊಳಗೇ ಇರುವ ಬನಾಬಾ ದ್ವೀಪವೂ ಪೂರ್ತಿಯಾಗಿ ಪಟ್ಟಿಯ ಕೆಳಗೆ ಸೇರಿಕೊಂಡಿವೆ. ನವೂರುವಿನ ಹೆಸರು ಪಟ್ಟಿಯ ಕೆಳಗಂಚಿನಲ್ಲಿ ಕಾಣುತ್ತದೆ, ದ್ವೀಪ ಕಾಣುವುದಿಲ್ಲ.

ಪೆಸಿಫಿಕ್ ವಸಾಹತು ಇತಿಹಾಸವನ್ನು ಒಂದೇ ತಾಸಿನಲ್ಲಿ ಹೇಳಬೇಕಾದರೆ ನಾನು ಆರಿಸಿಕೊಳ್ಳುವುದು ಇವೆರಡೇ ದ್ವೀಪಗಳನ್ನು. 1900ರಲ್ಲಿ ಇಲ್ಲಿನ ನೆಲವೆಲ್ಲ ಉತ್ಕೃಷ್ಟ ಫಾಸ್ಫೇಟ್ ಎಂದು ಗೊತ್ತಾಯಿತು. ಡಿಎಪಿ ಗೊಬ್ಬರದ ಚೀಲ ಹೊತ್ತು ಗೊತ್ತಿರುವ ನಮ್ಮ ರೈತರ ಮಕ್ಕಳಿಗೆ ಫಾಸ್ಫೇಟ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೂರೂ ಸೇರಿ ನಡೆಸಿದ ಆಯೋಗವೊಂದು ಎರಡೂ ಕಡೆ ಗಣಿಗಾರಿಕೆ ನಡೆಸಿ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಹುಲ್ಲುಗಾವಲುಗಳನ್ನು ಫಲವತ್ತಾಗಿಸಿತು. ಕೇವಲ ಆರು ಚದರ ಕಿಲೋಮೀಟರಿನ ಬನಾಬಾದಲ್ಲಿ ಗಣಿಗಾರಿಕೆ 1979ರವರೆಗೂ ನಡೆಯಿತು. ಜಪಾನಿನ ಆಕ್ರಮಣದಲ್ಲಿ ಚದುರಿಹೋದ ಬನಾಬಾದ ಜನರನ್ನು ಯುದ್ಧ ಮುಗಿದ ಮೇಲೆ ಬ್ರಿಟಿಷ್ ಆಡಳಿತ ಊರಿಗೆ ಕರೆತರಲಿಲ್ಲ. 1945ರ ಡಿಸೆಂಬರಿನಲ್ಲಿ ಸುಮಾರು 2,000 ಕಿಲೋಮೀಟರ್ ಆಚೆ ಫಿಜಿಯ ರಾಂಬಿ ದ್ವೀಪದಲ್ಲಿ ಇಳಿಸಿತು. ಆ ದ್ವೀಪವನ್ನು ಕೊಂಡದ್ದು ಬನಾಬಾದವರದೇ ಫಾಸ್ಫೇಟ್ ಹಣದಿಂದ. ನವೂರುವಿನ ಕತೆ ಸ್ವಲ್ಪ ಬೇರೆ. 21 ಚದರ ಕಿಲೋಮೀಟರಿನ ಈ ದ್ವೀಪ ಜರ್ಮನಿಯ ಕೈಯಿಂದ ಆಸ್ಟ್ರೇಲಿಯದ ಕೈಗೆ, ಅಲ್ಲಿಂದ ಜಪಾನಿನ ಕೈಗೆ ಹೋಯಿತು. 1943ರಲ್ಲಿ ಜಪಾನೀಯರು 1,200 ನವೂರುವಾಸಿಗಳನ್ನು ಟ್ರುಕ್ ದ್ವೀಪಗಳಿಗೆ ಸಾಗಿಸಿದರು. 1968ರ ಜನವರಿ 31ರಂದು ಸ್ವತಂತ್ರವಾದ ಈ ಪುಟ್ಟ ದೇಶ, ಅಗೆದು ಹಾಳುಮಾಡಿದ ನೆಲಕ್ಕೆ ಪರಿಹಾರ ಕೊಡಬೇಕೆಂದು 1989ರಲ್ಲಿ ಆಸ್ಟ್ರೇಲಿಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. 1993ರಲ್ಲಿ ರಾಜಿಯಾಗಿ ಆಸ್ಟ್ರೇಲಿಯ ಹಣ ಕೊಟ್ಟಿತು. ಇಂಥ ನೆಲವನ್ನು ಅಂಟುಪಟ್ಟಿಯಿಂದ ಮುಚ್ಚಿದ್ದಕ್ಕೆ ತಯಾರಕರ ಮೇಲೆ ದುರುದ್ದೇಶ ಹೊರಿಸಲಾರೆ, ಆದರೆ ಬೆಸುಗೆಯ ಮೇಲೆ ತೆಳ್ಳನೆಯ ಪಾರದರ್ಶಕ ಪಟ್ಟಿ ಹಾಕಿ ಕೆಳಗಿನ ಮುದ್ರಣ ಕಾಣುವಂತೆ ಮಾಡುವುದು ಅಸಾಧ್ಯದ ಕೆಲಸವೇನಲ್ಲ. ನಾವು ಪಟ್ಟಿಯ ಮೇಲೆ ಎರಡು ಕೆಂಪು ಚುಕ್ಕೆ ಇಟ್ಟಿದ್ದೇವೆ.

ಬಣ್ಣಗಳ ಹಂಚಿಕೆಯಲ್ಲಿ ತಯಾರಕರು ಎಚ್ಚರ ವಹಿಸಿದ್ದಾರೆ. ಫ್ರಾನ್ಸಿನ ನೇರಳೆಯೇ ನ್ಯೂ ಕ್ಯಾಲೆಡೋನಿಯದ ಮೇಲೂ ಟಹೀಟಿಯ ಮೇಲೂ ಇದೆ, ಅಮೆರಿಕದ ಹಳದಿಯೇ ಗುವಾಮ್ ಮೇಲೂ ಪೂರ್ವ ಸಮೋವಾದ ಮೇಲೂ ಇದೆ. ಹೆಸರಿನ ಪಕ್ಕ ಕಂಸದಲ್ಲಿ ಆಳುವ ದೇಶದ ಹೆಸರೂ ಇದೆ. ವಸಾಹತುಶಾಹಿ ಮುಗಿದ ಕತೆ ಎಂದುಕೊಂಡಿದ್ದ ಹತ್ತನೆಯ ತರಗತಿಯವರಿಗೆ ಈ ಕಂಸಗಳೇ ಒಂದು ಪಾಠವಾದವು. ಫ್ರಾನ್ಸ್ 1853ರಲ್ಲಿ ವಶಪಡಿಸಿಕೊಂಡು ಕೈದಿಗಳ ವಸಾಹತಾಗಿಸಿ, ನಿಕ್ಕಲ್ ಗಣಿಗಳಿಗಾಗಿ ಬಿಡದೆ ಹಿಡಿದುಕೊಂಡಿರುವ ನ್ಯೂ ಕ್ಯಾಲೆಡೋನಿಯದಲ್ಲಿ ಮೂಲನಿವಾಸಿಗಳಾದ ಕನಕ ಜನ 1878ರಲ್ಲಿ ಅತಾಯಿ ಎಂಬ ಮುಖಂಡನ ನೇತೃತ್ವದಲ್ಲಿ ದಂಗೆ ಎದ್ದರು. ಕೊಂದ ಅತಾಯಿಯ ತಲೆಬುರುಡೆಯನ್ನು ಫ್ರಾನ್ಸ್ ಅವನ ಜನಕ್ಕೆ ಮರಳಿಸಿದ್ದು 2014ರಲ್ಲಿ. ಅಲ್ಲಿ 2018, 2020, 2021ರಲ್ಲಿ ಸ್ವಾತಂತ್ರ್ಯದ ಪ್ರಶ್ನೆಯ ಮೇಲೆ ಮೂರು ಜನಮತಗಣನೆಗಳು ನಡೆದವು, ಮೂರರಲ್ಲೂ ಬೇಡವೆಂಬ ಮತವೇ ಗೆದ್ದಿತು, ಕೊನೆಯದನ್ನು ಕನಕರಲ್ಲಿ ಬಹುಪಾಲು ಜನ ಬಹಿಷ್ಕರಿಸಿದರು.

ಹೆಸರುಗಳು ಮಾತ್ರ ಹಳೆಯವು. ಪೆಟ್ಟಿಗೆಯ ಮೇಲೆ ಪರಿಷ್ಕೃತ ಆವೃತ್ತಿ ಎಂಬ ಮಾತಿದೆ, ಆಫ್ರಿಕದಲ್ಲಿ 2011ರಲ್ಲಿ ಹುಟ್ಟಿದ ದಕ್ಷಿಣ ಸುಡಾನ್ ಇದೆ. ಪೆಸಿಫಿಕ್ ಕಡೆಗೆ ಬಂದರೆ 1997ರಲ್ಲೇ 'ಪಶ್ಚಿಮ' ಎಂಬುದನ್ನು ಕೈಬಿಟ್ಟ ಸಮೋವಾ ಇನ್ನೂ ಪಶ್ಚಿಮ ಸಮೋವಾ ಆಗಿಯೇ ಇದೆ; 1994ರಲ್ಲಿ ಸ್ವತಂತ್ರವಾದ ಪಲಾವುವಿನ ಪಕ್ಕ ಅಮೆರಿಕದ ಕಂಸ ಉಳಿದಿದೆ; 1995ರ ಜನವರಿ 1ರಂದು ಕಿರಿಬಾಸ್ ಪೂರ್ವಕ್ಕೆ ಸರಿಸಿದ ಅಂತರರಾಷ್ಟ್ರೀಯ ದಿನಾಂಕ ರೇಖೆ ಇಲ್ಲಿ ಇನ್ನೂ ಆ ದೇಶವನ್ನು ಸೀಳಿಕೊಂಡು ನೆಟ್ಟಗೆ ಹೋಗುತ್ತದೆ. ಗಿರಾಕಿ ನೋಡುವ ಕಡೆ ತಿದ್ದಿದ್ದಾರೆ, ನೋಡದ ಕಡೆ ಬಿಟ್ಟಿದ್ದಾರೆ. ಅಂದಹಾಗೆ ಆ ಕಿರಿಬಾಸ್ ಸುಮಾರು 35 ಲಕ್ಷ ಚದರ ಕಿಲೋಮೀಟರ್ ಸಾಗರದ ಮೇಲೆ ಹರಡಿದೆ, ಅದರ ಒಟ್ಟು ನೆಲ ಬೀದರ್ ಜಿಲ್ಲೆಯ ಆರನೆಯ ಒಂದು ಪಾಲಿಗೂ ಕಡಿಮೆ.

ಪಶ್ಚಿಮ ಸಮೋವಾ ಎಂಬ ಹಳೆಯ ಹೆಸರಿನಿಂದಲೂ ಪಾಠ ಮಾಡಬಹುದು ಎನ್ನುವುದು ನಿಜ. 1899ರಲ್ಲಿ ಜರ್ಮನಿ ಮತ್ತು ಅಮೆರಿಕಗಳು ಈ ದ್ವೀಪಗಳನ್ನು ತಮ್ಮೊಳಗೆ ಹಂಚಿಕೊಂಡವು, ಬ್ರಿಟನ್ ಬೇರೆ ಕಡೆ ಪ್ರತಿಫಲ ಪಡೆದು ಒಪ್ಪಿತು; ಹಂಚುವ ಮೇಜಿನಲ್ಲಿ ಸಮೋವಾದವರಿರಲಿಲ್ಲ. 1914ರಲ್ಲಿ ಜರ್ಮನಿಯ ಭಾಗವನ್ನು ನ್ಯೂಜಿಲೆಂಡ್ ಹಿಡಿಯಿತು. 1918ರ ನವೆಂಬರಿನಲ್ಲಿ ಆಕ್ಲೆಂಡಿನಿಂದ ಬಂದ ಟಲೂನ್ ಎಂಬ ಹಡಗನ್ನು ಕ್ವಾರಂಟೈನ್ ಇಲ್ಲದೆ ಬಂದರಿಗೆ ಬಿಟ್ಟುಕೊಂಡಿದ್ದರಿಂದ ಇನ್‌ಫ್ಲುಯೆಂಜಾ ಹರಡಿ ಐದನೆಯ ಒಂದರಷ್ಟು ಜನ ಸತ್ತರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಹಡಗುಗಳನ್ನು ತಡೆದಿದ್ದರಿಂದ ಅಲ್ಲಿ ಯಾರೂ ಸಾಯಲಿಲ್ಲ. ಆ ನೋವಿನಿಂದಲೂ ಆಡಳಿತದ ದರ್ಪದಿಂದಲೂ ಬೆಳೆದ ಮವು ಚಳವಳಿ ತೆರಿಗೆ ಕೊಡದಿರುವುದು, ಕಚೇರಿಗಳಿಗೆ ಹೋಗದಿರುವುದು ಮೊದಲಾದ ಅಹಿಂಸಾ ಮಾರ್ಗ ಹಿಡಿಯಿತು. 1929ರ ಡಿಸೆಂಬರ್ 28ರಂದು ಆಪಿಯಾದಲ್ಲಿ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಜನರಿಗೆ ಶಾಂತಿಯಿಂದಿರಲು ಹೇಳುತ್ತಿದ್ದ ಮುಖಂಡ ಟುಪುವಾ ತಮಸೆಸೆ ಲೆಯಲೋಫಿ ಗುಂಡೇಟು ತಿಂದು ಮರುದಿನ ಸತ್ತ. ನಮ್ಮ ದಂಡಿಯಾತ್ರೆಗೆ ಇನ್ನು ಮೂರು ತಿಂಗಳೂ ಇರಲಿಲ್ಲ. 1962ರ ಜನವರಿ 1ರಂದು ಸಮೋವಾ ಸ್ವತಂತ್ರವಾಯಿತು, ದ್ವೀಪರಾಷ್ಟ್ರಗಳಲ್ಲಿ ಮೊದಲನೆಯದಾಗಿ. ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ 2002ರಲ್ಲಿ ಕ್ಷಮೆ ಕೇಳಿದರು.

ಟೋಂಗಾದ ಪಕ್ಕ ಕಂಸವಿಲ್ಲ, ಅದು ಸರಿ. ಅಲ್ಲಿ ಸ್ವಂತ ಅರಸರಿದ್ದರು, 1875ರಿಂದ ಸಂವಿಧಾನವಿತ್ತು, 1900ರ ಒಪ್ಪಂದದಿಂದ ವಿದೇಶ ವ್ಯವಹಾರ ಮಾತ್ರ ಬ್ರಿಟನ್ನಿನ ಕೈಸೇರಿತು. ಬೇರೆ ಜಿಲ್ಲೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದೀತು. ನಿಜಾಮರ ರಾಜ್ಯದಲ್ಲಿದ್ದ ನಮ್ಮ ಕಡೆಯ ಮಕ್ಕಳಿಗೆ ಅರಸ ಒಬ್ಬ, ಅವನ ಹಿಂದೆ ನಿಂತ ಬ್ರಿಟಿಷರ ರೆಸಿಡೆಂಟ್ ಇನ್ನೊಬ್ಬ ಎಂಬುದು ಅಜ್ಜಂದಿರ ಕಾಲದ ಮಾತು. ವನುವಾಟುವಿನ ಹೆಸರನ್ನೂ ಸರಿಯಾಗಿ ಅಚ್ಚು ಮಾಡಿದ್ದಾರೆ. 1980ರ ಜುಲೈ 30ರವರೆಗೆ ಇದು ನ್ಯೂ ಹೆಬ್ರಿಡೀಸ್ ಆಗಿತ್ತು. 1906ರಿಂದ ಬ್ರಿಟನ್ ಮತ್ತು ಫ್ರಾನ್ಸ್ ಜಂಟಿಯಾಗಿ ಆಳುತ್ತಿದ್ದವು, ಎರಡು ಪೊಲೀಸ್ ಪಡೆಗಳಿದ್ದವು, ಎರಡು ಜೈಲುಗಳಿದ್ದವು, ದ್ವೀಪದ ಮೂಲನಿವಾಸಿಗಳು ಮಾತ್ರ ಎರಡೂ ದೇಶಗಳ ಪೌರರಾಗಿರಲಿಲ್ಲ.

ಫಿಜಿಯ ಪಾಠಕ್ಕೆ ಗ್ಲೋಬ್ ಚೆನ್ನಾಗಿ ಒದಗುತ್ತದೆ. ವಿಟಿ ಲೆವು, ವನುವಾ ಲೆವು ಎರಡೂ ದೊಡ್ಡ ದ್ವೀಪಗಳು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗಿವೆ, ಮದ್ರಾಸಿನಿಂದ ಅಲ್ಲಿಗೆ ದಾರ ಹಿಡಿದರೆ ಗೋಳದ ಕಾಲುಭಾಗಕ್ಕಿಂತ ಹೆಚ್ಚು ಸುತ್ತಬೇಕಾಗುತ್ತದೆ. ಆಳಂದ, ಬೀದರ್ ಕಡೆಯ ಹೊಲಗಳಲ್ಲಿ ನಿಂತಿರುವ ಕಬ್ಬಿನ ಮೂಲವಾದ ದಪ್ಪಜಲ್ಲೆಯ ಸಿಹಿಕಬ್ಬನ್ನು ಮೊಟ್ಟಮೊದಲು ಬೆಳೆಗೆ ಒಗ್ಗಿಸಿದವರು ಸಾವಿರಾರು ವರ್ಷಗಳ ಹಿಂದೆ ನ್ಯೂಗಿನಿಯ ರೈತರು. ಅದೇ ಕಬ್ಬು 19ನೆಯ ಶತಮಾನದಲ್ಲಿ ವಸಾಹತುಗಾರರ ಕೈಯಲ್ಲಿ ಪೆಸಿಫಿಕ್ಕಿಗೆ ಮರಳಿ ಬಂತು, ಜೊತೆಗೆ ಕೂಲಿಗಳನ್ನೂ ಎಳೆದುತಂದಿತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿಗೆ 1863ರಿಂದ 1904ರವರೆಗೆ ಸುಮಾರು 62,000 ದ್ವೀಪವಾಸಿಗಳನ್ನು, ಹೆಚ್ಚಾಗಿ ಸಾಲೊಮನ್ ಮತ್ತು ವನುವಾಟುವಿನವರನ್ನು, ಕೆಲವರನ್ನು ಒಪ್ಪಂದದ ಮೇಲೆ, ಅನೇಕರನ್ನು ಮೋಸದಿಂದಲೋ ಬಲವಂತದಿಂದಲೋ ಸಾಗಿಸಿದರು. ಆಸ್ಟ್ರೇಲಿಯ ಒಕ್ಕೂಟವಾದ ಕೂಡಲೇ 1901ರಲ್ಲಿ ಕಾಯಿದೆ ಮಾಡಿ ಅವರನ್ನು ಹೊರಗಟ್ಟಲು ತೊಡಗಿದರು. ಫಿಜಿಯಲ್ಲಿ ಬೇರೆ ಲೆಕ್ಕ. 1874ರಲ್ಲಿ ಬ್ರಿಟನ್ನಿಗೆ ಸೇರಿದ ಮರುವರ್ಷವೇ ದಡಾರದಿಂದ ಸುಮಾರು 40,000 ಫಿಜಿಯನ್ನರು ಸತ್ತರು. ಗವರ್ನರ್ ಆರ್ಥರ್ ಗಾರ್ಡನ್ ಮೂಲನಿವಾಸಿಗಳ ಭೂಮಿಯನ್ನು ಮಾರಾಟವಾಗದಂತೆ ಕಾಯ್ದ, ಅವರನ್ನು ತೋಟದ ಕೂಲಿಗೆ ಎಳೆಯದಂತೆ ನೋಡಿಕೊಂಡ. ತೋಟಗಳಿಗೆ ಕೂಲಿಗಳು ಬೇಕಾದಾಗ ಹಿಂದೂಸ್ತಾನದ ಕಡೆ ಕೈಚಾಚಿದ. 1879ರಲ್ಲಿ ಲಿಯೋನಿಡಾಸ್ ಹಡಗಿನಿಂದ ಮೊದಲಾಗಿ 1916ರವರೆಗೆ 60,000ಕ್ಕೂ ಹೆಚ್ಚು ಭಾರತೀಯರು ಐದು ವರ್ಷಗಳ ಕರಾರಿನ ಮೇಲೆ ಹೋದರು, 1903ರಿಂದ ಮದ್ರಾಸಿನಿಂದಲೂ ಹೋದರು. ಇವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಉಳಿದರೂ ನೆಲ ಮಾತ್ರ ಬಾಡಿಗೆಯದು. ಒಂದು ಸಮುದಾಯಕ್ಕೆ ಕಾವಲಾದ ಕಾನೂನು ಇನ್ನೊಂದಕ್ಕೆ ಬೇಲಿಯಾದ ಈ ತೊಡಕು 1987ರ ಸೇನಾಕ್ರಾಂತಿಗಳವರೆಗೂ ಬಂದಿತು. ಇದರಲ್ಲಿ ಯಾರು ಸರಿ ಎಂದು ಮಕ್ಕಳು ಕೇಳಿದ ಪ್ರಶ್ನೆಗೆ ಗ್ಲೋಬಿನಲ್ಲಿ ಉತ್ತರವಿಲ್ಲ, ನನ್ನಲ್ಲೂ ಒಂದೇ ಮಾತಿನ ಉತ್ತರವಿಲ್ಲ.

ಅಣುಪರೀಕ್ಷೆಗಳ ವಿಷಯಕ್ಕೆ ಬಿಕಿನಿ, ಮೊರುರೋವಾ, ಕಿರಿಟಿಮಾಟಿ ಮೂರನ್ನೂ ಹೆಸರಿಸಿ ಗುರುತಿಸಿರುವುದು ಸಾಕು. ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ 1946ರಿಂದ 1958ರವರೆಗೆ 67 ಪರೀಕ್ಷೆಗಳನ್ನೂ, ಫ್ರಾನ್ಸ್ ಮೊರುರೋವಾದಲ್ಲೂ ಅದರ ಸುತ್ತಮುತ್ತಲೂ 1966ರಿಂದ 1996ರವರೆಗೆ 193 ಪರೀಕ್ಷೆಗಳನ್ನೂ ನಡೆಸಿದವು; 1954ರ ಮಾರ್ಚ್ 1ರ ಸ್ಫೋಟದ ಬೂದಿ ರೊಂಗೆಲಾಪ್‌ನ ಜನರ ಮೇಲೆ ಬಿದ್ದದ್ದನ್ನು ಹೇಳುವಾಗ ಬಿಕಿನಿಯಿಂದ ರೊಂಗೆಲಾಪ್‌ಗೆ ಗೋಳದ ಮೇಲೆ ಅರ್ಧ ಸೆಂಟಿಮೀಟರೂ ಇಲ್ಲ ಎಂದು ತೋರಿಸಿದರೆ ಸಾಕಾಗುತ್ತದೆ. ಆ ಮಾರ್ಷಲ್ ದ್ವೀಪದವರೇ ತೆಂಗಿನಗರಿಯ ಕಡ್ಡಿಗಳನ್ನು ಬಾಗಿಸಿ ಕಟ್ಟಿ ಅಲೆಗಳ ದಿಕ್ಕನ್ನೂ, ಕವಡೆಗಳನ್ನು ಸಿಕ್ಕಿಸಿ ದ್ವೀಪಗಳ ನೆಲೆಯನ್ನೂ ತೋರಿಸುವ ನಕ್ಷೆಗಳನ್ನು ಮಾಡುತ್ತಿದ್ದರು. ಕಸಬರಿಗೆಯ ಕಡ್ಡಿಗಳಿಂದ ನಮ್ಮ ಹುಡುಗರು ಅಂಥದ್ದೊಂದನ್ನು ಮಾಡಿ ಗ್ಲೋಬಿನ ಪಕ್ಕ ತೂಗುಹಾಕಿದ್ದಾರೆ. ಕವಡೆಗೆ ಬದಲು ಹುಣಸೆಬೀಜ.

ಇನ್ನು ವಸ್ತುವಿನ ಗಟ್ಟಿತನ. ಕಟ್ಟಿಗೆಯ ಪೀಠ ಭಾರವಾಗಿದೆ, ಮೇಜು ಅಲುಗಿದರೂ ಉರುಳುವುದಿಲ್ಲ. ಗೋಳವನ್ನು ಹಿಡಿದ ಲೋಹದ ಅರ್ಧಚಂದ್ರದ ಮೇಲಿನ ತಿರುಪು ಕೆಲವೇ ವಾರಗಳಲ್ಲಿ ಸಡಿಲವಾಗಿ ಗೋಳ ಓಲಾಡತೊಡಗಿತು, ಕೆಳಗೊಂದು ರಬ್ಬರ್ ವಾಷರ್ ಹಾಕಿದ ಮೇಲೆ ಸರಿಹೋಯಿತು. ಮೇಲ್ಮೈಯ ಹೊಳಪು ಜಾಸ್ತಿ, ಕಿಟಕಿಯ ಎದುರಿಗಿಟ್ಟರೆ ಅರ್ಧ ಸಾಗರ ಕಣ್ಣಿಗೆ ಕುಕ್ಕುತ್ತದೆ. ಸ್ಕೆಚ್ ಪೆನ್ನಿನ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಬಣ್ಣ ಬಿಡುವುದಿಲ್ಲ. ಹೆಸರು ತಿದ್ದಲು ಸಣ್ಣ ಬಿಳಿ ಸ್ಟಿಕ್ಕರ್‌ಗಳೂ ಚೆನ್ನಾಗಿ ಹಿಡಿಯುತ್ತವೆ. ಅಕ್ಷರಗಳೆಲ್ಲ ಇಂಗ್ಲಿಷಿನವು, ಕನ್ನಡದ ಗ್ಲೋಬ್ ಕೇಳಿದರೆ ಅಂಗಡಿಯಲ್ಲಿ ಇರಲಿಲ್ಲ.

ಅಂಗಡಿಯವರ ನಡವಳಿಕೆಯ ಬಗ್ಗೆ ದೂರಿಲ್ಲ. ಪೆಟ್ಟಿಗೆ ಬಿಚ್ಚಿ, "ತಿರುಗಿಸಿ ನೋಡ್ರಿ ಮಾಸ್ತರೇ, ಬೇಕಾದಷ್ಟು ಹೊತ್ತು ನೋಡ್ರಿ" ಎಂದು ಕುರ್ಚಿ ಹಾಕಿಕೊಟ್ಟರು. ಹಳೆಯ ಹೆಸರುಗಳನ್ನು ತೋರಿಸಲು ಮತ್ತೆ ಹೋದಾಗ, ಬೇರೆ ಕಂಪನಿಯ ಮಾಲು ತರಿಸಿ ಕೊಡುವುದಾಗಿ ಹೇಳಿದರು, ಬದಲಾಯಿಸಿಕೊಳ್ಳಲೂ ಒಪ್ಪಿದರು. ಅವರು ತೋರಿಸಿದ ಇನ್ನೊಂದು ಗ್ಲೋಬಿನಲ್ಲಿ ಸಮೋವಾ ಸರಿಯಾಗಿತ್ತು, ದಿನಾಂಕ ರೇಖೆಯೂ ಪೂರ್ವಕ್ಕೆ ಸರಿದಿತ್ತು, ಆದರೆ ಟುವಮೋಟು ದ್ವೀಪಗಳೇ ಇರಲಿಲ್ಲ, ಸಮಭಾಜಕದ ಪಟ್ಟಿ ಇನ್ನೂ ಅಗಲವಾಗಿತ್ತು, ಬೆಲೆ ಐನೂರು ರೂಪಾಯಿ ಹೆಚ್ಚು. ಹೆಸರನ್ನು ಸ್ಟಿಕ್ಕರ್ ಹಚ್ಚಿ ತಿದ್ದಬಹುದು, ಇಲ್ಲದ ದ್ವೀಪಗಳನ್ನು ಹಚ್ಚಲಾಗುವುದಿಲ್ಲ ಎಂದು ಮೊದಲಿನದನ್ನೇ ಇಟ್ಟುಕೊಂಡೆವು. ಕೊಳ್ಳಲು ಹೋಗುವ ಶಿಕ್ಷಕರು ಭೂತಗನ್ನಡಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಸಮೋವಾದ ಹೆಸರು, ಪಲಾವುವಿನ ಕಂಸ, ಕಿರಿಬಾಸ್ ಬಳಿಯ ದಿನಾಂಕ ರೇಖೆ, ಟಹೀಟಿಯ ಪೂರ್ವದ ಚುಕ್ಕೆಗಳು, ನವೂರುವಿನ ಮೇಲಿನ ಪಟ್ಟಿ ಇಷ್ಟನ್ನು ನೋಡಿಕೊಳ್ಳಲಿ. ತಿರುಪನ್ನು ಅಂಗಡಿಯಲ್ಲೇ ಬಿಗಿ ಮಾಡಿಸಿಕೊಳ್ಳಲಿ.